ತಿಳೀಲಿಲ್ಲ ಎಂದು ಕೈ ಎತ್ತುತ್ತಿದ್ದ ಸರ್

ಬ್ಲೇಡನ್ನು ಮೇಣದಬತ್ತಿಯ ಮೇಲೆ ಕಾಯಿಸಿ ಥರ್ಮೊಕೋಲ್ ಕೊರೆದಾಗ ಒಂದು ವಾಸನೆ ಬರುತ್ತದೆ. ಗಂಟಲಲ್ಲಿ ಹೋಗಿ ಕೂತುಬಿಡುವ ಕಮಟು ವಾಸನೆ. ಹೋದ ತಿಂಗಳು, ತಂಬ್ರಹಳ್ಳಿ ಕಡೆ ನಾನು ಕೆಲಸ ಮಾಡುವ ಹೈಸ್ಕೂಲಿನಲ್ಲಿ, ಪ್ರಯೋಗಾಲಯದ ಮುಂದೆ ಹಾದುಹೋಗುವಾಗ ಅದು ಮೂಗಿಗೆ ಹೊಡೆಯಿತು. ಇಣುಕಿ ನೋಡಿದರೆ ಬಿ.ಎಡ್. ಕಾಲೇಜಿನಿಂದ ತರಬೇತಿಗೆ ಬಂದ ಹುಡುಗಿಯರು ನೆಲದ ಮೇಲೆ ಕೂತು ಹೃದಯದ ಮಾದರಿ ಕೊರೆಯುತ್ತಿದ್ದರು.

“ಯಾವ ಪಾಠಕ್ಕಮ್ಮಾ ಇದು?” ಎಂದು ಕೇಳಿದೆ.

“ಪಾಠ ಇನ್ನಾ ಯಾವ್ದೂ ಅಂತ ಆಗಿಲ್ರಿ ಮೇಡಂ. ಮಾಡೆಲ್ ಮೊದ್ಲು ರೆಡಿ ಮಾಡ್ಕೊಳಾಕತ್ತೀವಿ.”

ಹೇಗಿದೆ ನೋಡಿ! ಪಾಠ ಗೊತ್ತಿಲ್ಲ, ಹೃದಯ ಮಾತ್ರ ತಯಾರು. ಈಗ ಪಾಠದ ವಿಡಿಯೊ ಬೇರೆ ಮಾಡಿ ಕಾಲೇಜಿಗೆ ಕಳಿಸಬೇಕಂತೆ. ಮೊಬೈಲು ಹಿಡಿದಿರುವಷ್ಟು ಹೊತ್ತು ಪಾಠ ಜೋರು, ಇಳಿಸಿದ ಕೂಡಲೇ ಅದೂ ಮುಗಿಯಿತು. ಮಕ್ಕಳು ಪಟಪಟನೆ ಉತ್ತರ ಹೇಳುವುದನ್ನು ಕಂಡರೆ ನನಗೆ ಮೊದಲು ಬರುವುದು ಸಂತೋಷವಲ್ಲ, ಸಂಶಯ. ಇದು ನನ್ನ ಹುಟ್ಟುಗುಣ. ಹಾಲಿನವನಿಂದ ಹಿಡಿದು ಹೆಡ್‌ಮೇಷ್ಟ್ರವರೆಗೆ ಯಾರನ್ನೂ ಪೂರಾ ನಂಬಿದವಳಲ್ಲ. ಆದರೆ ಇಡೀ ಜೀವನದಲ್ಲಿ ನಾನು ಅತಿ ಹೆಚ್ಚು ಸಂಶಯಪಟ್ಟದ್ದು ಒಬ್ಬರ ಮೇಲೆ. ಆ ವಾಸನೆಯ ಜೊತೆ ನೆನಪಾದವರೂ ಅವರೇ... ನಮ್ಮ ಮೆಥಡ್ ಸರ್.

ನಾನು ಬಿ.ಎಡ್. ಓದಿದ್ದು ಹರಪನಹಳ್ಳಿಯಲ್ಲಿ. ಮೆಕ್ಕೆಜೋಳದ ಗೋದಾಮುಗಳ ಹಿಂದೆ ನಮ್ಮ ಕಾಲೇಜು. ಸೀಸನ್ನಿನಲ್ಲಿ ಜೋಳದ ಹೊಟ್ಟು ಗಾಳಿಗೆ ಹಾರಿ ಬಂದು, ನಾವು ಬರೆದ ಚಾರ್ಟುಗಳ ಹಸಿ ಬಣ್ಣಕ್ಕೆ ಅಂಟಿಕೊಳ್ಳುತ್ತಿತ್ತು. ಸರ್ ನಮಗೆ ವಿಜ್ಞಾನವನ್ನು ಹೇಗೆ ಕಲಿಸಬೇಕು ಎಂಬುದನ್ನು ಕಲಿಸುತ್ತಿದ್ದರು. ಅದಕ್ಕೇ ಮೆಥಡ್ ಸರ್. ಕೊಟ್ಟೂರಿನ ವ್ಯಾಪಾರಸ್ಥರ ಮನೆಯವರು, ಹಣೆಯ ಮೇಲೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತಗಿನ ಮಾತು. ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಇನ್ನೂ ಅನುಮಾನ. ನಾನು ಗುಡೇಕೋಟೆಯವಳು, ಊರ ಹೊರಗಿನ ಕೇರಿಯವಳು. ಅಪ್ಪ ಪಂಚಾಯಿತಿಯಲ್ಲಿ ನೀರುಗಂಟಿ. ಊರಿಗೆಲ್ಲ ನಲ್ಲಿ ನೀರು ಬಿಡುವವನು ಅವನೇ, ಆದರೆ ಕೆಲವು ಮನೆಗಳ ಅಂಗಳದಲ್ಲಿ ಅವನಿಗೆ ಚಹಾ ಬರುತ್ತಿದ್ದುದು ಬೇರೆ ಲೋಟದಲ್ಲಿ. ಅಂಥ ಮನೆಗಳಲ್ಲೂ ಎಲ್ಲರೂ ಮೆತ್ತಗೇ ಮಾತಾಡುತ್ತಿದ್ದರು.

ಬಿ.ಎಡ್. ಓದದವರಿಗೆ ಅಲ್ಲಿ ನಡೆಯುವ ಆಟ ಗೊತ್ತಿರಲಿಕ್ಕಿಲ್ಲ. ನಿಜವಾದ ಮಕ್ಕಳ ಮುಂದೆ ಬಿಡುವ ಮೊದಲು ನಮ್ಮ ನಮ್ಮೊಳಗೇ ಸಣ್ಣ ಸಣ್ಣ ಪಾಠ ಮಾಡಿಸುತ್ತಾರೆ. ಒಬ್ಬರು ಟೀಚರು, ಉಳಿದವರೆಲ್ಲ ಎಂಟನೇ ಕ್ಲಾಸಿನ ಮಕ್ಕಳು. ದಪ್ಪ ಮೀಸೆಯ ಗಂಡಸರು, ಕೂಸನ್ನು ತಾಯಿಯ ಹತ್ತಿರ ಬಿಟ್ಟು ಬಂದ ಹೆಂಗಸರು, ಎಲ್ಲರೂ ಬೆರಳೆತ್ತಿ “ನಾನು ಹೇಳ್ತೀನಿ ಮೇಡಂ” ಎನ್ನಬೇಕು. ಒಂದು ದಿನ ಪ್ರಶ್ನೆ ಕೇಳುವುದರ ಅಭ್ಯಾಸ, ಇನ್ನೊಂದು ದಿನ ಬೋರ್ಡಿನ ಮೇಲೆ ಬರೆಯುವುದರದ್ದು, ಮತ್ತೊಂದು ದಿನ ಮಕ್ಕಳನ್ನು ಹುರಿದುಂಬಿಸುವುದರದ್ದು. ಹುರಿದುಂಬಿಸುವ ದಿನ ಎಷ್ಟು ಸಲ ‘ಶಬಾಷ್’ ಎಂದೆವೆಂದು ಹಿಂದೆ ಕೂತವರು ಗೀಟು ಎಳೆಯುತ್ತಿದ್ದರು. ಒಬ್ಬ ಮಹಾಶಯ ಉಸಿರು ತೆಗೆದುಕೊಳ್ಳದೆ ಶಬಾಷ್ ಶಬಾಷ್ ಎನ್ನುತ್ತಾ ಹೋಗಿ, ‘ನೀರು ಕುಡಿದು ಬರಲೇ’ ಎಂದು ಕೇಳಿದವನಿಗೂ ಶಬಾಷ್ ಅಂದುಬಿಟ್ಟ. ಅವನಿಗೆ ಒಳ್ಳೆಯ ಅಂಕವೇ ಬಂತು.

ಈ ಆಟದಲ್ಲಿ ಬೇರೆ ಲೆಕ್ಚರರುಗಳು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಮ್ಮ ಮೆಥಡ್ ಸರ್ ಮಾತ್ರ ಸೀದಾ ಹೋಗಿ ಕೊನೇ ಬೆಂಚಿನಲ್ಲಿ ಕೂತು ತಾವೂ ಎಂಟನೇ ಕ್ಲಾಸಿನ ಹುಡುಗನಾಗುತ್ತಿದ್ದರು. ಜಾಣ ಹುಡುಗನಲ್ಲ, ದಡ್ಡ ಹುಡುಗ. ಬೆನ್ನು ಬಾಗಿಸಿ, ಬಾಯಿ ತುಸು ತೆರೆದು ಕೂರುವರು. ಪಾಠ ಒಳ್ಳೆಯ ಓಟದಲ್ಲಿದೆ, ಮುಂದಿನವರೆಲ್ಲ ಸರಿಯಾದ ಉತ್ತರ ಕೊಡುತ್ತಿದ್ದಾರೆ ಅನ್ನುವಾಗ ಹಿಂದಿನಿಂದ ಒಂದು ಕೈ ಏಳುತ್ತಿತ್ತು.

“ಅಕ್ಕೋರಾ, ನಂಗ ತಿಳೀಲಿಲ್ರಿ.”

ಅಕ್ಕೋರು ಎಂದರೆ ನಮ್ಮ ಹಳ್ಳಿಗಳಲ್ಲಿ ಹಿಂದೆ ಹೆಣ್ಣು ಟೀಚರನ್ನು ಕರೆಯುತ್ತಿದ್ದ ರೀತಿ. ಇನ್ನೊಮ್ಮೆ ಹೇಳಿದರೆ ಮತ್ತೆ, “ಇಲ್ರಿ ಅಕ್ಕೋರಾ, ಈಗೂ ತಿಳೀಲಿಲ್ರಿ.” ಉದಾಹರಣೆ ಕೊಟ್ಟರೆ, “ಅದೇನೋ ಖರೇ ರೀ, ಆದ್ರ ಯಾಕ ಹಂಗಾಕ್ಕೈತಿ?” ಕೊಟ್ಟ ಸಮಯ ಮುಗಿಯುವವರೆಗೂ ಆ ಮನುಷ್ಯ ಜಪ್ಪಯ್ಯ ಎನ್ನುತ್ತಿರಲಿಲ್ಲ. ಸಮಯ ಮುಗಿದ ಮೇಲೆ ಎದ್ದು ಬಂದು, ಮೆತ್ತಗೆ “ಮುಂದಿನವರು ಬರ್ರಿ” ಎನ್ನುವರು. ಹೇಗಿತ್ತು, ಏನು ತಪ್ಪಾಯಿತು, ಒಂದು ಮಾತಿಲ್ಲ.

ಉಳಿದವರು ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಯಾಕೆಂದರೆ ಆ ದಡ್ಡ ಹುಡುಗ ಕೊಟ್ಟೂರಿನ ಅಂಗಡಿ ಬೀದಿಯ ಮಾತು ಆಡುತ್ತಿರಲಿಲ್ಲ. ನಮ್ಮ ಕೇರಿಯ ಮಾತು ಆಡುತ್ತಿದ್ದ. ಆ ಎಳೆತ, ಆ ಕೈ ಎತ್ತುವ ಹಿಂಜರಿಕೆ, ಎಲ್ಲ ನನ್ನ ಅಣ್ಣನದ್ದೇ. ಅಣ್ಣ ಏಳನೇ ಕ್ಲಾಸಿನಲ್ಲಿ ಒಮ್ಮೆ ಹೀಗೇ ಎದ್ದು ನಿಂತು ತಿಳಿಯಲಿಲ್ಲ ಅಂದಿದ್ದ. “ನಿನಗ ತಿಳದು ಏನಾಗಬೇಕೈತಿ, ಕೂಡು” ಎಂದಿದ್ದರು ಮೇಷ್ಟ್ರು. ಕ್ಲಾಸೆಲ್ಲ ನಕ್ಕಿತ್ತು. ಅವನು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ನಾನು ಬಿ.ಎಡ್. ಓದುವ ಹೊತ್ತಿಗೆ ಅದೇ ಹರಪನಹಳ್ಳಿಯ ಗೋದಾಮಿನಲ್ಲಿ ಜೋಳದ ಚೀಲ ಹೊರುತ್ತಿದ್ದ. ಹೀಗಿರುವಾಗ ವಿಭೂತಿ ಹಚ್ಚಿಕೊಂಡ ಒಬ್ಬರು ಕೊನೇ ಬೆಂಚಿನಲ್ಲಿ ಕೂತು ನನ್ನ ಅಣ್ಣನ ಅಣಕ ಮಾಡಿದರೆ ನಾನು ನಗಬೇಕೆ?

ಹಡಗಲಿ ಕಡೆಯವಳೊಬ್ಬಳು ನನ್ನ ರೂಂ ಗೆಳತಿ. ಅವಳ ಹತ್ತಿರ ಹೇಳಿಕೊಂಡರೆ, “ನೀ ಎಲ್ಲಾದ್ರಾಗೂ ಹುಳ ಹುಡುಕ್ತಿ ನೋಡು. ಅವ್ರು ಎಲ್ರಿಗೂ ಹಂಗ ಮಾಡ್ತಾರ” ಎಂದು ಮಗ್ಗುಲಾಗಿ ಮಲಗಿದಳು. ಎಲ್ಲರಿಗೂ ಮಾಡುತ್ತಾರೆ ನಿಜ. ನನಗೆ ಮಾತ್ರ ತುಸು ಹೆಚ್ಚು ಮಾಡುತ್ತಾರೆ ಅನ್ನುವುದು ನನ್ನ ಲೆಕ್ಕ.

ಒಂದು ಮಧ್ಯಾಹ್ನ ತಡೆಯಲಾಗದೆ ವರಾಂಡದಲ್ಲಿ ಅವರನ್ನು ನಿಲ್ಲಿಸಿ ಕೇಳಿಯೇಬಿಟ್ಟೆ. “ಸರ್, ನೀವು ಹಿಂದ ಕುಂತು ಯಾರ್ ಹಂಗ ಮಾತಾಡ್ತೀರಿ?”

ಅವರು ನನ್ನನ್ನೇ ನೋಡಿದರು. “ಯಾಕಮ್ಮಾ? ಯಾರಾರ ನೆನಪಾದ್ರೇನು?”

ಅಷ್ಟೇ. ಹೊರಟುಹೋದರು. ನನ್ನ ಅಣ್ಣನ ವಿಷಯ ಇವರಿಗೆ ಯಾರು ಹೇಳಿದರು ಎಂದು ನಾನು ಒಂದು ವಾರ ತಲೆ ಕೆಡಿಸಿಕೊಂಡೆ.

ವರ್ಷದ ಕೊನೆಗೆ ಪರೀಕ್ಷೆಯ ಪಾಠ ಬಂತು. ಊರಿನ ಒಂದು ಶಾಲೆಯಲ್ಲಿ ನಿಜವಾದ ಎಂಟನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡಬೇಕು. ಹೊರಗಿನಿಂದ ಒಬ್ಬ ಪರೀಕ್ಷಕರು ಬರುತ್ತಾರೆ, ಕಾಲೇಜಿನ ಪರವಾಗಿ ನಮ್ಮ ಮೆಥಡ್ ಸರ್. ಇಬ್ಬರೂ ಕೊನೇ ಬೆಂಚಿನಲ್ಲಿ ಕೂತು ಅಂಕ ಹಾಕುತ್ತಾರೆ. ಅದರಲ್ಲಿ ಬಿದ್ದರೆ ಬಿ.ಎಡ್. ಕೈಗೆ ಬರುವುದಿಲ್ಲ. ಗುಡೇಕೋಟೆಯಲ್ಲಿ ಅಪ್ಪ ಆಗಲೇ ನಲ್ಲಿ ನಲ್ಲಿಗೂ ಹೇಳಿಯಾಗಿತ್ತು, ನನ್ನ ಮಗಳು ಟೀಚರು ಅಂತ. ನಮ್ಮ ಕೇರಿಯಿಂದ ಅಲ್ಲಿಯವರೆಗೆ ಯಾರೂ ಟೀಚರಾಗಿರಲಿಲ್ಲ.

ಪರೀಕ್ಷೆಯ ಪಾಠಕ್ಕೆ ಒಂದು ಪದ್ಧತಿ ಇತ್ತು. ಹಿಂದಿನ ದಿನವೇ ಹೋಗಿ ಅದೇ ಮಕ್ಕಳಿಗೆ ಅದೇ ಪಾಠ ಹೇಳಿಕೊಟ್ಟು, ಯಾರು ಯಾವ ಉತ್ತರ ಹೇಳಬೇಕೆಂದು ಗೊತ್ತುಮಾಡಿ ಬರುವುದು. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಅದರಲ್ಲೂ ಒಂದು ತಮಾಷೆ ಇದೆ. ಪಾಠ ಶುರುವಾಗುವ ಮೊದಲು ಕೆಲವು ಪೀಠಿಕೆ ಪ್ರಶ್ನೆ ಕೇಳಬೇಕು. ಮಕ್ಕಳಿಗೆ ಗೊತ್ತಿರುವುದರಿಂದ ಹೊರಟು, ಕೊನೆಯ ಪ್ರಶ್ನೆಗೆ ಅವರಿಗೆ ಉತ್ತರ ಗೊತ್ತಿರಬಾರದು. ಆಗ ನಾವು “ಹಾಗಾದರೆ ಅದನ್ನೇ ಇವತ್ತು ಕಲಿಯೋಣ” ಎಂದು ಪಾಠದ ಹೆಸರು ಬರೆಯಬೇಕು. ಹಿಂದಿನ ದಿನವೇ ಪಾಠ ಕೇಳಿದ ಮಕ್ಕಳಿಗೆ ಗೊತ್ತಿಲ್ಲದಿರುವುದು ಹೇಗೆ? ಹಾಗಾಗಿ “ಗೊತ್ತಿಲ್ಲ ಮೇಡಂ” ಎನ್ನುವುದನ್ನೂ ನಾವೇ ಉರು ಹೊಡೆಸುತ್ತಿದ್ದೆವು. ಎಲ್ಲರೂ ಒಟ್ಟಿಗೆ, ಒಂದೇ ದನಿಯಲ್ಲಿ.

ನನ್ನ ಪಾಠ ಆವಿಯಾಗುವುದು. ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರು ಯಾಕೆ ತಣ್ಣಗಿರುತ್ತದೆ ಎನ್ನುವುದು. ನಾನೂ ಹಿಂದಿನ ಸಂಜೆ ಮಕ್ಕಳಿಗೆ ಉರು ಹೊಡೆಸಿ ಬಂದಿದ್ದೆ. ಬೆಳಿಗ್ಗೆ ಗೆಳತಿ ಕಿವಿಯಲ್ಲಿ ಹೇಳಿದಳು. “ನಿನ್ನಿ ಸಂಜಿ ನೀ ಹೋದ ಮ್ಯಾಲೆ ಸರ್ ಆ ಸಾಲಿ ಮುಂದ ನಿಂತಿದ್ರು. ಮಿರ್ಚಿ ಭಜಿ ತಿನ್ಕೊಂತ ಹುಡುಗ್ರ ಕೂಡ ಮಾತಾಡಾಕತ್ತಿದ್ರು.” ಸರಿ, ನನ್ನ ಸಂಶಯ ಹೆಡೆ ಎತ್ತಿತು. ಇವರು ಮಕ್ಕಳಿಗೆ ಏನೋ ಹೇಳಿಕೊಟ್ಟಿದ್ದಾರೆ. ನನ್ನನ್ನು ಕೆಡವಲು ಗುಂಡಿ ತೋಡಿದ್ದಾರೆ.

ಆ ಸಂಶಯದಲ್ಲೇ ಕ್ಲಾಸಿಗೆ ಹೋದೆ. “ಬೇಸಿಗೆಯಲ್ಲಿ ಕುಡಿಯುವ ನೀರನ್ನು ಯಾವುದರಲ್ಲಿ ಇಡುತ್ತೀರಿ?” ಎಂದು ಕೇಳಿದೆ. “ಮಣ್ಣಿನ ಗಡಿಗೆಯಲ್ಲಿ ಮೇಡಂ.” ಶಬಾಷ್. ಆಮೇಲೆ, ಒದ್ದೆ ಬಟ್ಟೆಯನ್ನು ಎಲ್ಲಿ ಹರವುತ್ತೀರಿ ಎಂದು ಕೇಳಬೇಕಿತ್ತು. ಹಿಂದೆ ಕೂತ ಸರ್ ಮುಖ ಕಂಡು ಅದು ಮರೆತೇಹೋಯಿತು. ಒಂದು ಪ್ರಶ್ನೆ ಹಾರಿಸಿ ಮುಂದಿನದಕ್ಕೆ ಹೋದೆ. “ಒಣಗಿದ ಬಟ್ಟೆಯಲ್ಲಿದ್ದ ನೀರು ಎಲ್ಲಿಗೆ ಹೋಯಿತು?”

ಎರಡನೆಯ ಉತ್ತರಕ್ಕೆ ಗೊತ್ತುಮಾಡಿದ ಹುಡುಗಿ ಎದ್ದು ನಿಂತಳು. “ಬಿಸಿಲಲ್ಲಿ ಹರವುತ್ತೇವೆ ಮೇಡಂ.”

ಪರೀಕ್ಷಕರು ತಲೆ ಎತ್ತಿದರು. ನಾನು ಬೆವರು ಒರೆಸಿಕೊಂಡು, ಗೊತ್ತಿಲ್ಲ ಎನ್ನಬೇಕಾದ ಆ ಕೊನೆಯ ಪ್ರಶ್ನೆಗೇ ಬಂದೆ. “ಗಡಿಗೆಯ ನೀರು ತಣ್ಣಗಾಗಲು ಕಾರಣವೇನು?” ಇನ್ನೊಬ್ಬ ತನ್ನ ಸರದಿ ಬಂತೆಂದು ಎದ್ದು, “ನೀರು ಆವಿಯಾಗಿ ಗಾಳಿಗೆ ಸೇರುತ್ತದೆ ಮೇಡಂ” ಎಂದ. ಅಯ್ಯೋ ನನ್ನ ಕರ್ಮವೇ! ಬರಬಾರದ ಉತ್ತರ ಬಂದುಬಿಟ್ಟಿತು. ಇನ್ನು ಕಲಿಸಲು ಉಳಿದದ್ದೇನು? ಏನಾದರೂ ಅನ್ನಬೇಕಲ್ಲ ಎಂದು, “ಹಾಗಾದರೆ ಇವತ್ತು... ಇವತ್ತು ಯಾವ ವಾರ?” ಅಂದೆ.

ಇಡೀ ಕ್ಲಾಸು ಒಂದೇ ದನಿಯಲ್ಲಿ ಕೂಗಿತು. “ಗೊತ್ತಿಲ್ಲ ಮೇಡಂ!”

ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು. ಅಪ್ಪನ ಮುಖ ಎದುರಿಗೆ ಬಂತು. ಆಗ ಕೊನೇ ಬೆಂಚಿನಲ್ಲಿ ಆ ಕೈ ಎದ್ದಿತು. ಹೌದು, ಪರೀಕ್ಷೆಯಲ್ಲಿ, ಹೊರಗಿನ ಪರೀಕ್ಷಕರ ಪಕ್ಕದಲ್ಲೇ!

“ಅಕ್ಕೋರಾ, ನಂಗ ತಿಳೀಲಿಲ್ರಿ. ಗಾಳಿಗಿ ಹೋದ ನೀರು ಹೋತು. ಗಡಿಗ್ಯಾಗ ಉಳದ ನೀರು ಯಾಕ ತಣ್ಣಗಾಗಬೇಕು?”

ಬಿದ್ದವಳನ್ನು ತುಳಿಯಲು ಬಂದರು ಎಂದುಕೊಂಡೆ. ಸಿಟ್ಟಿಗೆ ಹೆದರಿಕೆ ಎಲ್ಲಿ ಹೋಯಿತೋ. ಟೇಬಲ್ಲಿನ ಮೇಲಿದ್ದ ಲೋಟ ಎತ್ತಿಕೊಂಡು ಸೀದಾ ಹಿಂದಕ್ಕೆ ಹೋದೆ. “ಏಳು ಮ್ಯಾಲೆ” ಅಂದೆ. ಹಾಗೇ ಅಂದೆ, ಏಕವಚನದಲ್ಲಿ. ಅವರು ಎದ್ದು ನಿಂತರು. “ಕೈ ಚಾಚು.” ಚಾಚಿದರು. ಒಂದು ಕೈ ಮೇಲೆ ನೀರು ಚಿಮುಕಿಸಿದೆ, ಇನ್ನೊಂದನ್ನು ಒಣಗಿದ ಹಾಗೇ ಬಿಟ್ಟೆ. “ಎರಡರ ಮ್ಯಾಲೂ ಊದು. ಯಾವ್ದು ತಣ್ಣಗೈತಿ?”

“ಹಸೀದು ರೀ ಅಕ್ಕೋರಾ.”

“ಅದರ ಬಿಸಿ ಎಲ್ಲಿ ಹೋತು?”

“ತಿಳೀಲಿಲ್ರಿ.”

ಅಷ್ಟರಲ್ಲಿ ಮಕ್ಕಳೆಲ್ಲ ಹಿಂದಕ್ಕೆ ತಿರುಗಿ ತಮ್ಮ ತಮ್ಮ ಕೈಗೆ ಎಂಜಲು ಹಚ್ಚಿಕೊಂಡು ಊದತೊಡಗಿದ್ದರು. ಯಾರೋ ಒಬ್ಬಳು, ನಾನು ಯಾವ ಉತ್ತರವನ್ನೂ ಹೇಳಿಕೊಟ್ಟಿರದ ಹುಡುಗಿ, “ಹೋಗೋ ನೀರು ಬಿಸೀನ ಕರಕೊಂಡು ಹೋಗ್ತೈತೇನ್ರಿ?” ಎಂದು ತಾನಾಗಿ ಕೇಳಿದಳು. ಆಮೇಲೆ ನಾನು ಏನು ಮಾತಾಡಿದೆನೋ ಪೂರ್ತಿ ನೆನಪಿಲ್ಲ. ಬರೆದುಕೊಂಡು ಹೋದದ್ದು ಒಂದನ್ನೂ ಹೇಳಲಿಲ್ಲ. ಚಾರ್ಟು ಬಿಚ್ಚಲಿಲ್ಲ, ಥರ್ಮೊಕೋಲಿನ ಗಡಿಗೆಯನ್ನು ಮುಟ್ಟಲೂ ಇಲ್ಲ. ಗಂಟೆ ಹೊಡೆದಾಗಲೂ ನನ್ನ ಸಿಟ್ಟು ಇಳಿದಿರಲಿಲ್ಲ. ಸರ್ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಮೆತ್ತಗೆ “ಮುಂದಿನವರು ಬರ್ರಿ” ಎಂದರು.

ಪಾಸಾದೆ. ಅಂಕ ಅಂಥಾ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಪರೀಕ್ಷಕರು ಹಾಕಿದ್ದನ್ನು ಸರ್ ಇಳಿಸಿದರೋ, ಪರೀಕ್ಷಕರು ಫೇಲು ಮಾಡಿದ್ದನ್ನು ಸರ್ ಎತ್ತಿದರೋ, ಯಾರೂ ಹೇಳಲಿಲ್ಲ. ಕಾಲೇಜು ಬಿಡುವ ದಿನ ಎಲ್ಲರೂ ಅವರ ಕಾಲು ಮುಟ್ಟಿದರು, ನಾನು ದೂರದಿಂದಲೇ ಕೈ ಮುಗಿದೆ. ನಾನೇಕೆ ಬಗ್ಗಲಿ, ಕೆಡವಲು ಬಂದವರ ಮುಂದೆ? ನೌಕರಿ ಸಿಕ್ಕಿತು. ಅಪ್ಪ ಅದನ್ನು ಕಣ್ತುಂಬ ನೋಡಿಯೇ ಕಣ್ಣು ಮುಚ್ಚಿದ. ವರ್ಷಗಳು ಹೋದವು. ಆದರೆ ಕ್ಲಾಸಿನಲ್ಲಿ ಯಾವುದಾದರೂ ಮಗು ಹಿಂದಿನಿಂದ ಕೈ ಎತ್ತಿದಾಗಲೆಲ್ಲ ಆ ಪ್ರಶ್ನೆ ಎದ್ದು ಬರುತ್ತಿತ್ತು. ಆವತ್ತು ಅವರು ಕೈ ಎತ್ತಿದ್ದು ನನ್ನನ್ನು ಮುಗಿಸಲೋ, ಉಳಿಸಲೋ? ಮೊದಲು ಮುಗಿಸಲೇ ಎಂದು ಗಟ್ಟಿಯಾಗಿ ನಂಬಿದ್ದೆ. ಬರಬರುತ್ತಾ ಉಳಿಸಲಿಕ್ಕೇ ಇರಬೇಕು ಅನ್ನಿಸತೊಡಗಿತು. ಅನ್ನಿಸಿದರೂ, ಅವರ ಬಾಯಿಂದಲೇ ಕೇಳದೆ ನಂಬುವ ಹೆಣ್ಣು ನಾನಲ್ಲ.

ಹೋದ ತಿಂಗಳು, ಹೃದಯ ಕೊರೆಯುತ್ತಿದ್ದ ಆ ಹುಡುಗಿಯರನ್ನು ನೋಡಲು ಬಂದಿದ್ದ ಅವರ ಲೆಕ್ಚರರನ್ನು, ನಮ್ಮ ಸರ್ ಈಗೆಲ್ಲಿದ್ದಾರೆ ಎಂದು ವಿಚಾರಿಸಿದೆ. “ಕೊಟ್ಟೂರಾಗ ಮಗಳ ಮನ್ಯಾಗ ಅದಾರಂತ್ರಿ” ಎಂದರು. ಅದೇ ಭಾನುವಾರ ಹಗರಿಬೊಮ್ಮನಹಳ್ಳಿಗೆ ಹೋಗಿ ಕೊಟ್ಟೂರು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಪ್ರಶ್ನೆಯನ್ನು ಹೇಗೆ ಕೇಳಬೇಕೆಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಕಾಲು ಮುಟ್ಟಬೇಕೆಂದೂ ಇತ್ತು, ಉತ್ತರ ಕೇಳಿದ ಮೇಲೆ.

ಮಗಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಒಳ್ಳೆಯ ಹೆಂಗಸು. ಒಳಗೆ ಕರೆದು ಕೂರಿಸಿ, ಚಹಾ ಇಟ್ಟು, ದನಿ ತಗ್ಗಿಸಿ ಹೇಳಿದಳು. “ಮೇಡಂ, ಅಪ್ಪಾಜಿಗೆ ಈಗೀಗ ಯಾರ್ ಗುರ್ತೂ ಹತ್ತಾಂಗಿಲ್ರಿ. ತಪ್ಪು ತಿಳ್ಕೋಬ್ಯಾಡ್ರಿ.”

ನಾನು ನಂಬಲಿಲ್ಲ. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಬೆನ್ನು ಬಾಗಿಸಿ, ಬಾಯಿ ತುಸು ತೆರೆದು ಕೂತಿದ್ದರು. ಆ ಭಂಗಿ ನನಗೆ ಗೊತ್ತಿಲ್ಲವೇ? ಮತ್ತೆ ಶುರುಮಾಡಿದರು ನೋಡು, ಮಗಳನ್ನೂ ಬಿಟ್ಟಿಲ್ಲ ಎಂದುಕೊಂಡು ಒಳಗೊಳಗೇ ಖುಷಿಯಾಯಿತು. ಹತ್ತಿರ ಹೋಗಿ ನಾನು ಯಾರೆಂದು ಹೇಳಿದೆ. ಹರಪನಹಳ್ಳಿ, ಪರೀಕ್ಷೆಯ ಪಾಠ, ಗಡಿಗೆ, ನೀರು, ಎಲ್ಲ ಹೇಳಿದೆ. ಕೊನೆಗೆ ಕೇಳಿದೆ. “ಸರ್, ಆವತ್ತು ನೀವು ಯಾಕ ಕೈ ಎತ್ತಿದ್ರಿ? ನನ್ನ ಕೆಡವಾಕೋ, ಉಳಸಾಕೋ?”

ಅವರು ಕಿಟಕಿಯಿಂದ ನನ್ನ ಕಡೆ ತಿರುಗಿದರು.

“ಅಕ್ಕೋರಾ,” ಎಂದರು, “ತಿಳೀಲಿಲ್ರಿ.”

ನಾನು ಜೋರಾಗಿ ನಕ್ಕುಬಿಟ್ಟೆ. “ಸಾಕು ಬಿಡ್ರಿ ಸರ್, ಇನ್ನೂ ಎಷ್ಟು ಆಟ ಆಡ್ತೀರಿ!” ಈಗ ಬೆನ್ನು ನೆಟ್ಟಗಾಗುತ್ತದೆ, ಈಗ ಆ ಮೆತ್ತಗಿನ ದನಿ ಬರುತ್ತದೆ ಎಂದು ಕಾದೆ. ಬರಲಿಲ್ಲ. ನನ್ನ ನಗು ಕೇಳಿ ಅವರು ಬೆದರಿದರು. ಬೆದರಿ ಮಗಳ ಕಡೆ ನೋಡಿದರು, ಏನು ಹೇಳಬೇಕಿತ್ತು ಹೇಳು ಎನ್ನುವಂತೆ. ಕಾಲೇಜಿನಲ್ಲಿ ಆಡುವಾಗ ಅವರು ಒಮ್ಮೆಯೂ ಪಕ್ಕಕ್ಕೆ ನೋಡಿದವರಲ್ಲ, ಟೀಚರನ್ನೇ ದಿಟ್ಟಿಸುತ್ತಿದ್ದರು. ಇಷ್ಟು ವರ್ಷ ಪಾಠ ಮಾಡಿದ್ದೇನೆ. ಗೊತ್ತಿದ್ದೂ ಗೊತ್ತಿಲ್ಲ ಎನ್ನುವ ಮಗು ಯಾವುದು, ನಿಜಕ್ಕೂ ತಿಳಿಯದೆ ಒದ್ದಾಡುವ ಮಗು ಯಾವುದು, ಕಣ್ಣು ನೋಡಿದರೆ ನನಗೆ ಗೊತ್ತಾಗುತ್ತದೆ. ನಾನು ಹುಡುಕಿಕೊಂಡು ಬಂದವರು ಅಲ್ಲಿರಲಿಲ್ಲ.

ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡೆ. “ಹೆದರಬ್ಯಾಡ್ರಿ. ತಿಳೀದಿದ್ರ ಏನಾತು? ಮತ್ತೊಮ್ಮಿ ಹೇಳ್ತೀನಿ” ಎಂದು ಮೊದಲಿನಿಂದ ಶುರುಮಾಡಿದೆ. ಅವರು ಒಳ್ಳೆಯ ಹುಡುಗನ ಹಾಗೆ ತಲೆ ಅಲ್ಲಾಡಿಸುತ್ತಾ ಕೇಳಿದರು. ಮತ್ತೆ ತಿಳಿಯಲಿಲ್ಲ ಅಂದರು. ಇನ್ನೊಮ್ಮೆ ಹೇಳಿದೆ. ಮಗಳು ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಹೊರಡುವಾಗ ಬಗ್ಗಿ ಕಾಲು ಮುಟ್ಟಿದೆ. ಯಾಕೆ ಮುಟ್ಟುತ್ತಿದ್ದಾಳೆ ಎಂದು ಅವರಿಗೆ ಗೊತ್ತಾಗಲಿಲ್ಲ, ಕಾಲು ಹಿಂದಕ್ಕೆ ಎಳೆದುಕೊಂಡರು. ಬಸ್‌ಸ್ಟ್ಯಾಂಡಿಗೆ ಬಂದು ಕಲ್ಲುಬೆಂಚಿನ ಮೇಲೆ ಕೂತೆ. ಇಲ್ಲ, ಅದು ನಾಟಕವೇ ಇರಬೇಕು, ನಾನು ಹೋದ ಕೂಡಲೇ ಎದ್ದು ನಿಂತು ಮಗಳ ಜೊತೆ ನಗುತ್ತಿರಬೇಕು... ಹಗರಿಬೊಮ್ಮನಹಳ್ಳಿ ಬಸ್ಸು ಬರುವವರೆಗೂ ಅವರ ಮೇಲೆ ಸಂಶಯಪಡಲು ನೋಡಿದೆ. ನನ್ನಿಂದ ಆಗಲಿಲ್ಲ.